‘ಸುಳ್ಳು ಸ್ವಾಮಿ’

ಹನ್ನೊಂದು ಗಂಟೆ. ತಾಲ್ಲೂಕು ಕೋರ್ಟಿನ ಪಡಸಾಲೆಯಲ್ಲಿ ಕಾಲಿಡಲು ಜಾಗವಿಲ್ಲ. ಗೋಡೆಗಂಟಿಸಿದ ಪಟ್ಟಿಯ ಮೇಲೆ ಬೆರಳಾಡಿಸುತ್ತ ತಮ್ಮ ಕೇಸು ಹುಡುಕುವವರು, ಜಾಮೀನಿಗೆಂದು ಪಹಣಿ ಹಿಡಿದು ಬಂದ ನೆಂಟರು, ಕರಿಕೋಟುಗಳ ಹಿಂದೆ ಓಡುವ ಗುಮಾಸ್ತರು. ಬಾಗಿಲಲ್ಲಿ ನಿಂತು ಜವಾನ ಹೆಸರು ಕೂಗುತ್ತಾನೆ, ಮೂರು ಸಲ. ಆ ಹೊತ್ತಿಗೆ ಆರೋಪಿ ಎದುರಿನ ಹೋಟೆಲಿನಲ್ಲಿದ್ದು, ವಕೀಲರೂ ಗೈರುಹಾಜರಿಯ ಅರ್ಜಿ ಕೊಟ್ಟಿಲ್ಲದಿದ್ದರೆ ಜಾಮೀನುರಹಿತ ವಾರಂಟು ಹೊರಡಬಹುದು. ಟೀ ಇನ್ನೂ ಬಿಸಿಯಾಗಿಯೇ ಇರುತ್ತದೆ.

ಮೊದಲು ಕರೆದದ್ದು ಬದುವಿನ ಜಗಳದ ಕೇಸು. ಅಣ್ಣತಮ್ಮಂದಿರಿಬ್ಬರು ಚಪ್ಪಲಿ ಹೊರಗೆ ಬಿಟ್ಟು ಬಂದು ಕಟಕಟೆಯಲ್ಲಿ ಕೈಕಟ್ಟಿ ನಿಂತರು. ಮೇಜಿನ ಮೇಲೆ ಚೀಟಿ ಕಟ್ಟಿದ ದೊಣ್ಣೆ. ಸಾಕ್ಷಿ ಹೇಳಲು ಬಂದವರು ಮಹಜರಿನ ಪಂಚರಲ್ಲೊಬ್ಬರು.

“ಈ ಸಹಿ ನಿಮ್ಮದಾ?”

“ನಂದೇ ಸ್ವಾಮಿ.”

“ಎಲ್ಲಿ ಹಾಕಿದ್ರಿ?”

“ಸ್ಟೇಷನ್ನಲ್ಲಿ.”

“ದೊಣ್ಣೇನ ನಿಮ್ಮ ಎದುರಿಗೇ ಜಪ್ತಿ ಮಾಡಿದ್ರಾ?”

“ನಾನು ನೋಡಿಲ್ಲ ಸ್ವಾಮಿ.”

ಸರ್ಕಾರಿ ಅಭಿಯೋಜಕರು ನಿಟ್ಟುಸಿರಿಟ್ಟು, ಸಾಕ್ಷಿ ಪ್ರತಿಕೂಲವಾಗಿದ್ದಾರೆ, ಪಾಟೀಸವಾಲಿಗೆ ಅನುಮತಿ ಬೇಕು ಎಂದರು. ಕಟಕಟೆಯಲ್ಲಿ ತಮ್ಮನ ಮುಖದಲ್ಲಿ ನಗು. ಕೇಸು ಗೆದ್ದೆವೆಂದುಕೊಂಡನೋ ಏನೋ. ವಕೀಲರು ಕಣ್ಣಲ್ಲೇ ಗದರಿಸಿದರು. ಪಂಚರು ತಿರುಗಿಬಿದ್ದರೂ ಪೆಟ್ಟು ತಿಂದವನ ಮಾತು ಮತ್ತು ವೈದ್ಯರ ಗಾಯದ ಪ್ರಮಾಣಪತ್ರ ಉಳಿದಿರುತ್ತವೆ. ಅಷ್ಟರ ಮೇಲೆಯೇ ಶಿಕ್ಷೆಯಾದ ಕೇಸುಗಳು ಬೇಕಾದಷ್ಟಿವೆ.

ಮುಂದಿನ ಕೇಸಿನಲ್ಲಿ ಸಾಕ್ಷ್ಯವೆಲ್ಲ ಮುಗಿದಿತ್ತು. ಟೆಂಪೋ ಡಿಕ್ಕಿಯಾಗಿ ಬೈಕ್ ಸವಾರ ಸತ್ತ ಪ್ರಕರಣ. ಆರೋಪಿ ಚಾಲಕನಿಗೆ ಐವತ್ತರ ಆಸುಪಾಸು. ಈಗ ನ್ಯಾಯಾಧೀಶರೇ ನೇರವಾಗಿ ಅವನನ್ನು ಕೇಳುವ ಘಟ್ಟ. ವಕೀಲರ ಬಾಯಲ್ಲಿ ಇದಿನ್ನೂ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ‘313’. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಕಲಂ 351.

“ಆ ದಿನ ನೀವು ಟೆಂಪೋ ಓಡಿಸ್ತಿದ್ರಿ ಅಂತ ಸಾಕ್ಷಿ ಹೇಳಿದ್ದಾರೆ. ಏನು ಹೇಳ್ತೀರಿ?”

“ಸುಳ್ಳು ಸ್ವಾಮಿ.”

“ಟೆಂಪೋ ಬೈಕಿಗೆ ತಾಗಿತು ಅಂತ ಹೇಳಿದ್ದಾರೆ.”

“ಸುಳ್ಳು ಸ್ವಾಮಿ.”

ಪ್ರಶ್ನೆ ಬದಲಾಯಿತು, ಉತ್ತರ ಬದಲಾಗಲಿಲ್ಲ. ಬೆರಳಚ್ಚುಗಾರ್ತಿ ಆತ ಬಾಯಿ ತೆರೆಯುವ ಮೊದಲೇ ಟೈಪು ಮಾಡುತ್ತಿದ್ದಂತಿತ್ತು. ನಿಮ್ಮ ಪರ ಸಾಕ್ಷಿ ಇದೆಯೇ ಎಂದದ್ದಕ್ಕೆ “ಇಲ್ಲ ಸ್ವಾಮಿ.” ಸಹಿ ಹಾಕಿ ಹೊರಬಂದ ಮೇಲೆ, ಪಡಸಾಲೆಯ ಕಂಬಕ್ಕೆ ಒರಗಿ, ಅದೇ ಮನುಷ್ಯ ಕೈ ಬೀಸಿ ಬೀಸಿ ಹೇಳಿದ: ತಿರುವಿನಲ್ಲಿ ಬೈಕಿನವನೇ ರಾಂಗ್ ಸೈಡಿನಿಂದ ನುಗ್ಗಿದ, ಹಿಂದಿನ ಆಟೋದವನು ನೋಡಿದ್ದಾನೆ, ತಾನೇ ಗಾಯಾಳುವನ್ನು ಆಸ್ಪತ್ರೆಗೆ ಸಾಗಿಸಿದ್ದು. ಇದರಲ್ಲಿ ಒಂದಕ್ಷರವೂ ಕಡತ ಸೇರಲಿಲ್ಲ.

ಹೆದರಿಕೆ ಅಂಥದ್ದು. ಆದರೆ ವಿಚಾರಣೆಯುದ್ದಕ್ಕೂ ಬಾಯಿಮುಚ್ಚಿ ನಿಂತವನಿಗೆ ಕಾನೂನೇ ಕರೆದು ಮಾತು ಕೊಡುವ ಗಳಿಗೆ ಇದು. ಪ್ರಮಾಣ ಮಾಡಿಸುವುದಿಲ್ಲ, ಉತ್ತರಿಸದಿದ್ದರೂ, ತಪ್ಪು ಉತ್ತರ ಕೊಟ್ಟರೂ ಅದಕ್ಕಾಗಿ ದಂಡನೆ ಇಲ್ಲ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಬೇಕಿಲ್ಲ ಎನ್ನುತ್ತದೆ ಸಂವಿಧಾನದ 20(3)ನೇ ವಿಧಿ. ಲಿಖಿತ ಹೇಳಿಕೆಯನ್ನೂ ಕೊಡಬಹುದು. ಹಾಗೆಂದು ಕಣ್ಣಿಗೆ ಕಾಣುವುದನ್ನೂ ಸುಳ್ಳೆಂದರೆ ನಿಜವಾದ ಪ್ರತಿವಾದವೂ ಅದರ ಜೊತೆಗೇ ಮುಳುಗುತ್ತದೆ. ವಕೀಲರು ಹಿಂದಿನ ದಿನ ಅರ್ಧ ಗಂಟೆ ಕೂರಿಸಿಕೊಂಡು ಮಾತಾಡಿದ್ದರೆ ಸಾಕಿತ್ತು, ಎಂಬುದು ನನ್ನ ತಕರಾರು.

ಇದಕ್ಕಿಂತ ದುಬಾರಿ ಇನ್ನೊಂದಿದೆ. ಅಲೆದಾಟ ತಪ್ಪಲೆಂದು ಮೊದಲ ದಿನವೇ ತಪ್ಪೊಪ್ಪಿಕೊಂಡು ದಂಡ ಕಟ್ಟಿಬಿಡುವುದು. ಆ ಶಿಕ್ಷೆ ದಾಖಲೆಯಲ್ಲಿ ಕೂತು, ಮುಂದೆ ಸರ್ಕಾರಿ ಕೆಲಸದ ಪೊಲೀಸ್ ಪರಿಶೀಲನೆಯಲ್ಲಿ ಎದ್ದು ಬರುತ್ತದೆ. ಪೊಲೀಸರ ಮುಂದೆ ಒಪ್ಪಿಕೊಂಡದ್ದು ನ್ಯಾಯಾಲಯದಲ್ಲಿ ತಪ್ಪೊಪ್ಪಿಗೆಯೆಂದು ರುಜುವಾತಾಗದು. ನ್ಯಾಯಾಧೀಶರ ಮುಂದೆ ಒಪ್ಪಿಕೊಂಡದ್ದೇ ಶಿಕ್ಷೆಗೆ ಸಾಕು.

ಆರೋಪಪಟ್ಟಿಯ ಪ್ರತಿ ಆರೋಪಿಗೆ ಉಚಿತವಾಗಿ ಸಿಗಬೇಕು. ಕೇಳಿ ಪಡೆಯಿರಿ, ಓದಲು ಬಾರದಿದ್ದರೆ ಮನೆಯ ಮಕ್ಕಳ ಕೈಲಿ ಓದಿಸಿ. ವಕೀಲರಿಗೆ ಕೊಡಲು ದುಡ್ಡಿಲ್ಲವೆಂದರೆ ಕೋರ್ಟಿನ ಆವರಣದಲ್ಲೇ ಇರುವ ಕಾನೂನು ಸೇವಾ ಸಮಿತಿಗೆ ಅರ್ಜಿ ಹಾಕಿ. ಕಸ್ಟಡಿಯಲ್ಲಿರುವವರಿಗೆ, ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯದ ಮಿತಿಯೇ ಇಲ್ಲ. ಸಹಾಯವಾಣಿ 15100.