ಜೀಪಿಗೆ ನೀರಿನ ಟ್ಯಾಂಕರ್ ಕಟ್ಟುವ ಮುನ್ನ



ಬೇಸಿಗೆ ಬಂತೆಂದರೆ ಬಂಗಾರಪೇಟೆ, ಕೆ.ಜಿ.ಎಫ್. ಕಡೆಯ ಹಳ್ಳಿಗಳಲ್ಲಿ ನೀರಿನದೇ ಮಾತು. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ ನಮ್ಮದು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೆರೆಗಳಿಗೆ ಬರುತ್ತಿದೆಯಾದರೂ ಅದು ಅಂತರ್ಜಲ ಹೆಚ್ಚಿಸಲಿಕ್ಕೇ ಹೊರತು ಕುಡಿಯೋದಕ್ಕಲ್ಲ. ಬೋರ್‌ವೆಲ್ ಬತ್ತಿದ ಊರಿಗೆ ಟ್ಯಾಂಕರೇ ಗತಿ. ಟ್ರ್ಯಾಕ್ಟರ್ ಬಾಡಿಗೆ ಕೊಡಲಾಗದ ಕಡೆ ಸಂಘದವರು, ಯುವಕರು ತಮ್ಮಲ್ಲಿರುವ ಫೋರ್ ವೀಲ್ ಜೀಪಿಗೋ ಕ್ಯಾಂಪರ್ ಗಾಡಿಗೋ ಟ್ಯಾಂಕರ್ ಕಟ್ಟಿ ಹೊರಡುತ್ತಾರೆ. ಒಳ್ಳೆಯ ಕೆಲಸವೇ. ಆದರೆ ಗಾಡಿಯನ್ನು ಅದಕ್ಕೆ ಸಿದ್ಧ ಮಾಡದೆ ಹೊರಟರೆ ಏನಾಗುತ್ತದೆಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಕೆಲವು ವರ್ಷಗಳ ಹಿಂದೆ ಕಾಮಸಮುದ್ರ ಕಡೆಯ ಒಂದು ಹಳ್ಳಿಗೆ ನಮ್ಮ ಹಳೇ ಜೀಪಿನಲ್ಲಿ ನೀರು ಕೊಂಡೊಯ್ದಿದ್ದೆವು. ಅರ್ಧ ನೀರು ಮೇಲಿನ ಬೀದಿಯಲ್ಲಿ ಇಳಿಸಿ ಕೆಳಗಿನ ಬೀದಿಗೆ ಇಳಿಯುವಾಗ ಹುಕ್ಕಿನ ಪಿನ್ನು ಕಳಚಿತು. ಪಿನ್ನಿನ ಕ್ಲಿಪ್ಪು ಹಿಂದಿನ ದಿನ ಕಳೆದುಹೋಗಿತ್ತು. "ಏನೂ ಆಗಲ್ಲ ಬಿಡಣ್ಣ" ಅಂತ ತಂತಿ ಸುತ್ತಿದ್ದೆವು. ಸೇಫ್ಟಿ ಚೈನು ಇರಲೇ ಇಲ್ಲ. ಟ್ಯಾಂಕರ್ ತಾನೇ ಇಳಿದು ಹುಣಸೆ ಮರಕ್ಕೆ ಹೊಡೆದು ನಿಂತಿತು. ಮರದಾಚೆ ಇಪ್ಪತ್ತು ಹೆಜ್ಜೆಯಲ್ಲಿ ಬಿಂದಿಗೆ ಸಾಲು, ಸಾಲಿನ ಪಕ್ಕದಲ್ಲಿ ಮಕ್ಕಳು. ಯಾರಿಗೂ ಪೆಟ್ಟಾಗಲಿಲ್ಲ. ಅಂದು ರಾತ್ರಿ ನಮ್ಮಲ್ಲಿ ಯಾರಿಗೂ ಊಟ ಸೇರಲಿಲ್ಲ. ಈ ಲೇಖನ ಬರೆಯಲು ಕಾರಣ ಅದೇ.

ತೂಕದ ಲೆಕ್ಕ

ಒಂದು ಲೀಟರ್ ನೀರು ಒಂದು ಕಿಲೋ. ಸಾವಿರ ಲೀಟರ್ ಅಂದರೆ ಒಂದು ಟನ್; ಅದರ ಮೇಲೆ ತಗಡು, ಚೌಕಟ್ಟು, ಚಕ್ರದ ತೂಕ. ಹಳೇ ಜೀಪಿನ ತೂಕವೇ ಸುಮಾರು 1,300 ಕಿಲೋ. ಹಿಂದಿನದು ಮುಂದಿನದಕ್ಕಿಂತ ಭಾರವಾಯಿತು! ಜೀಪು ಅದನ್ನು ಎಳೆಯುತ್ತದೆ, ಅದರಲ್ಲಿ ಅನುಮಾನವಿಲ್ಲ. ಕಷ್ಟವಿರುವುದು ನಿಲ್ಲಿಸುವುದರಲ್ಲಿ. ಚಿಕ್ಕ ಟ್ಯಾಂಕರ್‌ಗಳಲ್ಲಿ ಬಹುತೇಕ ಬ್ರೇಕ್ ಇರುವುದಿಲ್ಲ. ಜೀಪಿನ ಬ್ರೇಕೇ ಎರಡನ್ನೂ ಹಿಡಿಯಬೇಕು. ಯುರೋಪಿನ ದೇಶಗಳಲ್ಲಿ ಬ್ರೇಕ್ ಇಲ್ಲದ ಟ್ರೈಲರ್ ಹೊರೆಸಹಿತ 750 ಕಿಲೋ ದಾಟುವಂತಿಲ್ಲ. ಮರಕ್ಕೆ ಹೊಡೆದ ಮೇಲೆ ನಾವೂ 500 ಲೀಟರ್ ಟ್ಯಾಂಕಿಗೆ ಇಳಿದೆವು. ಎರಡು ಸಲ ಹೋಗಬೇಕಾಗುತ್ತದೆ, ಡೀಸೆಲ್ ಹೆಚ್ಚು ಸುಡುತ್ತದೆ, ಹೋಗಲಿ. ನಿಮ್ಮ ಗಾಡಿ ಎಷ್ಟು ಎಳೆಯಬಹುದೆಂದು ಅದರ ಪುಸ್ತಕದಲ್ಲಿ ನೋಡಿ, ಮೆಕ್ಯಾನಿಕ್ಕಿನ ಬಾಯಿಮಾತು ಸಾಲದು.

ಅರ್ಧ ತುಂಬಿದ ಟ್ಯಾಂಕು ಪೂರ್ತಿ ತುಂಬಿದ್ದಕ್ಕಿಂತ ಅಪಾಯ. ತಿರುವಿನಲ್ಲಿ ನೀರು ಒಂದು ಕಡೆಗೆ ನುಗ್ಗುತ್ತದೆ, ಬ್ರೇಕ್ ಒತ್ತಿದರೆ ಮುಂದಕ್ಕೆ ಬಂದು ಗುದ್ದುತ್ತದೆ. ಟ್ಯಾಂಕ್ ಮಾಡಿಸುವಾಗಲೇ ಒಳಗೆ ಅಡ್ಡ ತಗಡು ಹಾಕಿಸಬೇಕು. ಅದಿಲ್ಲದಿದ್ದರೆ ತುಂಬಿಸಿಕೊಂಡು ಹೋಗಿ ಒಂದೇ ಕಡೆ ಖಾಲಿ ಮಾಡಿ ಬರುವುದು ಲೇಸು.

ಒಟ್ಟು ತೂಕದಲ್ಲಿ ಹತ್ತನೇ ಒಂದು ಭಾಗ ಹುಕ್ಕಿನ ಮೇಲೆ ಕೂರಬೇಕು. 700 ಕಿಲೋ ಇದ್ದರೆ ಹುಕ್ಕಿನ ಮೇಲೆ 70 ಕಿಲೋ. ಟೊಮೇಟೊ ತೂಗುವ ಯಂತ್ರದ ಮೇಲೆ ಟ್ಯಾಂಕರಿನ ಮೂತಿಯನ್ನು ಹುಕ್ಕಿನ ಎತ್ತರಕ್ಕೇ ಒರಗಿಸಿಟ್ಟು ನೋಡಿದರೆ ತಿಳಿಯುತ್ತದೆ. ಮೂತಿ ಹಗುರವಾದರೆ ವೇಗದಲ್ಲಿ ಟ್ಯಾಂಕರ್ ಹಾವಿನಂತೆ ಓಲಾಡುತ್ತದೆ. ತೀರ ಭಾರವಾದರೆ ಜೀಪಿನ ಹಿಂಭಾಗ ಕುಸಿದು ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ಮಾತು ಕೇಳುವುದಿಲ್ಲ, ಹೆಡ್‌ಲೈಟು ಆಕಾಶ ನೋಡುತ್ತದೆ. ಓಲಾಟ ಶುರುವಾದರೆ ಬ್ರೇಕ್ ತುಳಿಯಬೇಡಿ, ಸ್ಟೇರಿಂಗ್ ಅತ್ತಿತ್ತ ತಿರುಗಿಸಬೇಡಿ. ನೇರ ಹಿಡಿದು ಆಕ್ಸಿಲರೇಟರ್ ಬಿಡಿ.

ಹುಕ್ಕು ಬಂಪರಿಗಲ್ಲ, ಚಾಸಿಗೆ ಬೋಲ್ಟ್ ಆಗಿರಬೇಕು. ಎರಡು ಚೈನುಗಳನ್ನು ಹುಕ್ಕಿನ ಕೆಳಗೆ ಕತ್ತರಿಯಂತೆ ಅಡ್ಡ ಹಾಕಿ. ಪಿನ್ನು ಕಳಚಿದರೂ ಮೂತಿ ಚೈನಿನ ಮೇಲೆ ಕೂರುತ್ತದೆ, ನೆಲಕ್ಕೆ ಚುಚ್ಚುವುದಿಲ್ಲ. ನಮ್ಮ ಅಪ್ಪಂದಿರ ಕಾಲದಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಜನ ಇಳಿಯುತ್ತಿದ್ದರು. ಗಣಿಯಲ್ಲಿ ಕೇಜಿನ ಹಗ್ಗವನ್ನು ದಿನವೂ ನೋಡಲೇಬೇಕಿತ್ತು. ನಿನ್ನೆ ಚೆನ್ನಾಗಿತ್ತಲ್ಲ ಅನ್ನುವ ಮಾತಿಗೆ ಅಲ್ಲಿ ಬೆಲೆಯಿರಲಿಲ್ಲ. ಪಿನ್ನು, ಕ್ಲಿಪ್ಪು, ಚೈನು, ಹಿಂದಿನ ಲೈಟು, ಇವಿಷ್ಟನ್ನು ಪ್ರತಿ ಸಲ ಹೊರಡುವಾಗ ಕೈಯಿಂದ ಮುಟ್ಟಿ ನೋಡಿರಿ. ಟ್ರೈಲರಿಗೂ ಆರ್.ಟಿ.ಓ.ದಲ್ಲಿ ನೋಂದಣಿ ಬೇಕು. ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ ಗಾಡಿಯನ್ನು ಕಂಪನಿಯವರು ಕೊಟ್ಟ ರೂಪದಿಂದ ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ. ದಪ್ಪ ಟಯರು, ಎತ್ತರದ ಸ್ಪ್ರಿಂಗು ಹಾಕಿಸುವ ಹುಡುಗರಿಗೆ ಈ ಮಾತು.

ಫೋರ್ ವೀಲ್ ಯಾವಾಗ ಹಾಕುವುದು?

ಹೊಸಬರು ಮಾಡುವ ದೊಡ್ಡ ತಪ್ಪು ಎಂದರೆ ಶಕ್ತಿ ಹೆಚ್ಚುತ್ತೆ ಅಂತ ಟಾರ್ ರಸ್ತೆಯಲ್ಲೂ ಫೋರ್ ವೀಲ್ ಹಾಕಿಕೊಂಡು ಓಡಿಸುವುದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸುತ್ತುತ್ತವೆ. ಫೋರ್ ವೀಲ್ ಹಾಕಿದಾಗ ನಮ್ಮ ಜೀಪುಗಳಲ್ಲಿ ಹಿಂದೆ ಮುಂದೆ ಎರಡೂ ಸೇರಿ ಬಿಗಿಯಾಗುತ್ತವೆ. ಮಣ್ಣಿನಲ್ಲಾದರೆ ಚಕ್ರ ಸ್ವಲ್ಪ ಜಾರಿ ಸರಿಹೋಗುತ್ತದೆ. ಒಣ ಟಾರಿನಲ್ಲಿ ಜಾರಲು ಜಾಗವಿಲ್ಲದೆ ಆ ಸೆಣಸಾಟವೆಲ್ಲ ಗೇರಿನ ಮೇಲೆ ಬೀಳುತ್ತದೆ. ಟಯರು ಸವೆಯುತ್ತದೆ, ಲಿವರ್ ಸಿಕ್ಕಿಹಾಕಿಕೊಳ್ಳುತ್ತದೆ, ಕೊನೆಗೆ ಟ್ರಾನ್ಸ್‌ಫರ್ ಗೇರ್‌ಬಾಕ್ಸೇ ಹೋಗುತ್ತದೆ. ಟಾರಿನಲ್ಲಿ ಟೂ ವೀಲ್. ಕೆಸರು, ಮರಳು, ಸಡಿಲ ಜಲ್ಲಿಯಲ್ಲಿ ಫೋರ್ ಹೈ. ಕಡಿದಾದ ದಿಣ್ಣೆ ಹತ್ತಿ ಇಳಿಯುವಾಗ ಫೋರ್ ಲೋ. ಲೋ ಹಾಕುವಾಗ ಗಾಡಿ ಪೂರ್ತಿ ನಿಲ್ಲಿಸಿ ಹಾಕುವುದು ಒಳ್ಳೆಯದು. ಸಿಕ್ಕಿಕೊಂಡ ಮೇಲೆ ಹಾಕೋದಲ್ಲ, ಕೆಸರು ಕಂಡಾಗಲೇ ಹಾಕಬೇಕು.

ಇಳಿಜಾರಿನಲ್ಲಿ ಲೋ, ಮೊದಲನೇ ಗೇರು, ಕ್ಲಚ್ಚಿನಿಂದ ಕಾಲು ದೂರ. ಎಂಜಿನ್ನೇ ಗಾಡಿಯನ್ನು ಹಿಡಿದು ಇಳಿಸುತ್ತದೆ. ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸುವ ಅಭ್ಯಾಸ ಇಲ್ಲಿ ಜೀವ ತೆಗೆಯುತ್ತದೆ. ಕಲ್ಲು ಹಾದಿಯಲ್ಲಿ ಹೆಬ್ಬೆರಳನ್ನು ಸ್ಟೇರಿಂಗ್ ಒಳಗೆ ಸುತ್ತಬೇಡಿ. ಚಕ್ರ ಕಲ್ಲಿಗೆ ಬಡಿದರೆ ಸ್ಟೇರಿಂಗ್ ತಟ್ಟನೆ ತಿರುಗಿ ಬೆರಳು ಮುರಿದೀತು.

ಬೇತಮಂಗಲ ಕಡೆ ಪಾಲಾರ್ ಹೊಳೆಯ ಮರಳಿನಲ್ಲಿ ಇಳಿಯಬೇಕಾದರೆ ಟಯರಿನ ಗಾಳಿಯನ್ನು 30 ಪೌಂಡಿನಿಂದ 18-20ಕ್ಕೆ ಇಳಿಸಿ. ಟಯರು ಅಗಲವಾಗಿ ಕೂತು ಹೂಳುವುದಿಲ್ಲ. ಆದರೆ ಅದೇ ಗಾಳಿಯಲ್ಲಿ ಹೊರೆ ಎಳೆದುಕೊಂಡು ಟಾರ್ ರಸ್ತೆಗೆ ಬಂದರೆ ಟಯರು ಕಾದು ಒಡೆಯುತ್ತದೆ. ಆದ್ದರಿಂದ ಗಾಳಿ ಪಂಪು, ಸಲಿಕೆ, ನಾಲ್ಕು ಗೋಣಿಚೀಲ, ಜಾಕ್ ಕೆಳಗಿಡಲು ಒಂದು ಹಲಗೆ ಗಾಡಿಯಲ್ಲಿರಲಿ.

ನಾಲ್ಕೂ ಚಕ್ರ ತಿರುಗುವ ಗಾಡಿ ಸಿಕ್ಕಿಕೊಳ್ಳೋದೇ ಇಲ್ಲ ಅನ್ನುವುದು ಸುಳ್ಳು. ಮುಂದಿನದೊಂದು, ಹಿಂದಿನದೊಂದು ಚಕ್ರ ಗಾಳಿಯಲ್ಲಿ ತೇಲಿದರೆ ಶಕ್ತಿಯೆಲ್ಲ ಆ ಎರಡಕ್ಕೇ ಹರಿದು ಸುಮ್ಮನೆ ಸುತ್ತುತ್ತವೆ. ಆಗ ಆಕ್ಸಿಲರೇಟರ್ ತುಳಿದಷ್ಟೂ ಗುಂಡಿ ಆಳವಾಗುತ್ತದೆ. ಮೊದಲು ಟ್ಯಾಂಕರ್ ಚಕ್ರಕ್ಕೆ ಮುಂದೆ ಹಿಂದೆ ಕಲ್ಲು ಕೊಟ್ಟು ಕಳಚಿರಿ. ಜೀಪು ಒಂದನ್ನೇ ಗಟ್ಟಿ ನೆಲಕ್ಕೆ ತನ್ನಿ, ಆಮೇಲೆ ಉದ್ದ ಹಗ್ಗದಿಂದ ಟ್ಯಾಂಕರ್ ಎಳೆಯಿರಿ. ಹಗ್ಗವನ್ನು ಟ್ರೈಲರ್ ಕಟ್ಟುವ ಗುಂಡಿನಾಕಾರದ ಹುಕ್ಕಿಗೆ ಎಂದೂ ಸಿಕ್ಕಿಸಬೇಡಿ. ಅದು ಮುರಿದರೆ ತೋಪಿನ ಗುಂಡೇ. ಹಗ್ಗದ ನಡುವೆ ಒದ್ದೆ ಗೋಣಿಚೀಲ ಹಾಕಿ, ಹಗ್ಗದ ಉದ್ದಕ್ಕಿಂತ ದೂರಕ್ಕೆ ಜನರನ್ನು ಕಳಿಸಿ. ನೀರಿಗೆ ಕಾದು ನಿಂತ ತಾಯಂದಿರು ಸಹಾಯಕ್ಕೆ ಅಂತ ಹತ್ತಿರ ಬಂದೇ ಬರುತ್ತಾರೆ. ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಗುತ್ತದೆ.

ಕಾಮಸಮುದ್ರ ಕಾಡಂಚಿನಲ್ಲಿ ಸಂಜೆ ಮೇಲೆ ಟ್ಯಾಂಕರ್ ಕಟ್ಟಿಕೊಂಡು ಹೋಗಬೇಡಿ. ಆನೆ ಎದುರಾದರೆ ಬರೀ ಜೀಪನ್ನು ಹಿಂದಕ್ಕೆ ತೆಗೆಯಬಹುದು, ಟ್ಯಾಂಕರ್ ಇದ್ದರೆ ಆಗದು.

ಕೆ.ಜಿ.ಎಫ್. ಹುಡುಗರಿಗೆ ಇನ್ನೊಂದು ಮಾತು. ಓಡಿಸೋದು ಕಲಿಯಲು ಸಯನೈಡ್ ಗುಡ್ಡ ಹತ್ತುವ ಹುಚ್ಚು ಬೇಡ. ಆ 13 ಗುಡ್ಡಗಳು ಅದಿರು ಅರೆದು ಚಿನ್ನ ತೆಗೆದ ಮೇಲೆ ಉಳಿದ ನುಣುಪು ಪುಡಿ. ಮಳೆಗೆ ಒಳಗೊಳಗೇ ಕೊರೆದು ಪೊಳ್ಳಾಗಿರುತ್ತವೆ, ಆ ಧೂಳು ಎದೆಗೂ ಒಳ್ಳೆಯದಲ್ಲ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಸುತ್ತಲಿನ ಹಳೇ ಬಾವಿಗಳು ಹೇಗಿವೆಯೋ ಮೇಲಿಂದ ಕಾಣುವುದಿಲ್ಲ.

ಕಲಿಯಲು ಖಾಲಿ ಮೈದಾನ ಸಾಕು. ಟ್ಯಾಂಕರ್ ಖಾಲಿ ಇರಲಿ, ಪಕ್ಕದಲ್ಲಿ ಅನುಭವಸ್ಥರಿರಲಿ. ಬೆಮೆಲ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹಿರಿಯರು ಎಷ್ಟೋ ಬೀದಿಗಳಲ್ಲಿದ್ದಾರೆ, ಕರೆದರೆ ಬರುತ್ತಾರೆ. ಹಿಂದಕ್ಕೆ ತೆಗೆಯುವಾಗ ಸ್ಟೇರಿಂಗಿನ ಕೆಳಭಾಗ ಹಿಡಿಯಿರಿ. ಟ್ಯಾಂಕರಿನ ಹಿಂಭಾಗ ಬಲಕ್ಕೆ ಹೋಗಬೇಕೆಂದರೆ ಕೈ ಬಲಕ್ಕೆ, ಎಡಕ್ಕೆಂದರೆ ಎಡಕ್ಕೆ. ಸ್ವಲ್ಪ ಸ್ವಲ್ಪವೇ ತಿರುಗಿಸಿ. ಅಡ್ಡ ಮಡಚಿಕೊಂಡರೆ ಹೋರಾಡಬೇಡಿ, ಮುಂದಕ್ಕೆ ಹೋಗಿ ನೇರ ಮಾಡಿಕೊಂಡು ಮತ್ತೆ ಶುರುಮಾಡಿ. ನಮ್ಮ ಡ್ರೈವರಣ್ಣನಿಗೆ ಇದು ಕೈಗೆ ಹತ್ತಲು ಎಂಟು ದಿನ ಹಿಡಿಯಿತು.