ಜಗಲಿಗಳು ಮರಳಿ ಬಂದ ಬೀದಿ

ಇಳಿತದ ಹೊತ್ತು. ಬ್ಯೂಫರ್ಟ್ ನದಿಯ ನೀರು ದಡ ಬಿಟ್ಟು ಸರಿದರೆ ಕಪ್ಪು ಕೆಸರು ತಲೆಯೆತ್ತುತ್ತದೆ, ಅದರ ಜತೆಗೇ ಗಂಧಕದ ಘಾಟು. ಕೆಸರಿನ ತುಂಬ ಸಿಂಪಿಗಳ ದಿಬ್ಬ; ಅದರಾಚೆಗೆ ಕಣ್ಣು ಹಾಯುವಷ್ಟು ದೂರ ಜೌಗು ಹುಲ್ಲು. ಅಮೆರಿಕದ ದಕ್ಷಿಣ ಕ್ಯಾರೊಲಿನಾ ರಾಜ್ಯದ ಬ್ಯೂಫರ್ಟ್ ಎಂಬ ಈ ಊರು ಹುಟ್ಟಿದ್ದು 1711ರಲ್ಲಿ. ರಾಜ್ಯದಲ್ಲಿ ಇದಕ್ಕಿಂತ ಹಿರಿಯ ಊರೆಂದರೆ ಚಾರ್ಲ್‌ಸ್ಟನ್ ಒಂದೇ.

ನದಿಯೊಳಕ್ಕೆ ಚಾಚಿಕೊಂಡ ಮೂಲೆಗೆ ಇಲ್ಲಿಯವರು 'ದಿ ಪಾಯಿಂಟ್' ಎನ್ನುತ್ತಾರೆ. ಬೀದಿಗಳು ಕಿರಿದು. ಓಕ್ ಮರಗಳ ಕೊಂಬೆಗಳಿಂದ ಬೂದುಬಣ್ಣದ ಸ್ಪ್ಯಾನಿಷ್ ಮಾಸ್ ಜಡೆಜಡೆಯಾಗಿ ಇಳಿಬಿದ್ದಿದೆ. ಹೆಸರಿನಲ್ಲಿ ಪಾಚಿಯಿದ್ದರೂ ಅದು ಪಾಚಿಯಲ್ಲ, ಅನಾನಸಿನ ಬಳಗದ ಗಿಡ. ಮನೆಗಳು ನೆಲದಿಂದ ಎತ್ತರಕ್ಕೆ ನಿಂತಿವೆ. ಕೆಳಗೊಂದು, ಮೇಲೊಂದು ಜಗಲಿ. ನದಿಯ ಗಾಳಿ ಸಿಗಲೆಂದು ಹೆಚ್ಚಿನವು ದಕ್ಷಿಣಕ್ಕೆ ಮುಖ ಮಾಡಿವೆ. ಕೆಲವು ಜಗಲಿಗಳ ಚಾವಣಿಗೆ ತಿಳಿನೀಲಿ ಬಣ್ಣ. ಆ ಬಣ್ಣ ಕಂಡರೆ ದೆವ್ವಗಳು ಹತ್ತಿರ ಸುಳಿಯವು ಎಂಬುದು ಗುಲ್ಲಾ ಜನರ ನಂಬಿಕೆ. ಆಫ್ರಿಕದಿಂದ ಹಿಡಿದು ತಂದ ಗುಲಾಮರ ಸಂತತಿಯವರು ಇವರು.

ಒಂದು ಹಳೆಯ ಮನೆಯ ತಳಪಾಯದ ಹತ್ತಿರ ಹೋಗಿ ನೋಡಿ. ಗಾರೆಯ ನಡುವಿನಿಂದ ಇಡಿಯ ಚಿಪ್ಪುಗಳು ಅಂಚು ಹೊರಚಾಚಿವೆ; ಕೈಯಾಡಿಸಿದರೆ ತರಚೀತು. ಇದು ಟ್ಯಾಬಿ. ನಮ್ಮ ಕರಾವಳಿಯಲ್ಲೂ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರಲ್ಲ, ಹಾಗೆಯೇ. ಆ ಸುಣ್ಣಕ್ಕೆ ಮರಳು, ನೀರು ಮತ್ತು ಸುಡದ ಚಿಪ್ಪು ಬೆರೆಸಿ ಹಲಗೆಗಳ ನಡುವೆ ಸುರಿಯುತ್ತಿದ್ದರು. ಕಲ್ಲು ಸಿಗದ ಸೀಮೆಯಲ್ಲಿ ಸಿಂಪಿಯೇ ಕಲ್ಲಾಯಿತು. ಸುರಿದ ಕೈಗಳು ಗುಲಾಮರವು. ಮನೆ ಕಟ್ಟಿಸಿದ ಹಣ ಅವರೇ ಬೆಳೆದ ನೀಲಿ ಮತ್ತು ಹತ್ತಿಯದು.

ಅಮೆರಿಕದ ಅಂತರ್ಯುದ್ಧದಲ್ಲಿ, 1861ರ ನವೆಂಬರ್ 7ರಂದು, ಉತ್ತರದ ನೌಕಾಪಡೆ ಪೋರ್ಟ್ ರಾಯಲ್ ಕೊಲ್ಲಿಯನ್ನು ಗೆದ್ದಾಗ ಬಿಳಿಯ ಧಣಿಗಳು ಊರು ಬಿಟ್ಟು ಓಡಿದರು. ಮನೆಗಳು ಸೈನ್ಯದ ಆಸ್ಪತ್ರೆ, ಕಚೇರಿಗಳಾದವು. ಯುದ್ಧದ ಬೆಂಕಿಯಿಂದ ಅವು ಉಳಿದದ್ದು ಹಾಗೆ. ಇದೇ ಊರಿನಲ್ಲಿ ಗುಲಾಮನಾಗಿ ಹುಟ್ಟಿದ ರಾಬರ್ಟ್ ಸ್ಮಾಲ್ಸ್ 1862ರಲ್ಲಿ ದಕ್ಷಿಣದ ಪಡೆಯ ಹಡಗನ್ನೇ ಹಾರಿಸಿಕೊಂಡು ಬಂದು ಬಿಡುಗಡೆ ಪಡೆದ. ತೆರಿಗೆ ಬಾಕಿಗೆ ಹರಾಜಾದ ಹಳೆಯ ಧಣಿಯ ಮನೆಯನ್ನು ತಾನೇ ಕೊಂಡ. ಮುಂದೆ ಅಮೆರಿಕದ ಸಂಸತ್ತಿಗೂ ಆರಿಸಿಹೋದ.

ಸೇತುವೆ ದಾಟಿದರೆ ಲೇಡೀಸ್ ದ್ವೀಪ. ಅಲ್ಲಿನ ನ್ಯೂಪಾಯಿಂಟ್ 1990ರ ದಶಕದ ಬಡಾವಣೆ. ಹೆಸರೇ ಹೇಳುವಂತೆ ಹಳೆಯ ಪಾಯಿಂಟ್‌ನ ಮಾದರಿ: ಕಿರುಬೀದಿ, ಕಾಲುದಾರಿಗೆ ಒತ್ತಿಕೊಂಡ ಜಗಲಿ. ಕಾರು ನಿಲ್ಲಿಸುವ ಜಾಗ ಹಿತ್ತಿಲ ಓಣಿಗೆ ಹೋಗಿದೆ. ಅದೇ ದಶಕದ ಕೊನೆಗೆ ಜೌಗಿನಂಚಿನಲ್ಲಿ ಹೇಬರ್‌ಶ್ಯಾಮ್ ಮೇಲೆದ್ದಿತು. ಅದರ ನಕ್ಷೆ ಫ್ಲಾರಿಡಾದ ಸೀಸೈಡ್ ಊರನ್ನು ರೂಪಿಸಿದ ದುವಾನಿ, ಪ್ಲೇಟರ್-ಝೈಬರ್ಕ್ ಅವರ ಸಂಸ್ಥೆಯದು. ಅಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ. ಕಾಫಿಗೆ ಕಾರು ತೆಗೆಯಬೇಕಿಲ್ಲ.

ಹಳೆಯ ಜಗಲಿಯನ್ನು ಕಟ್ಟಿಸಿದ್ದು ಸೆಕೆ. ಹೊಸ ಮನೆಗಳಲ್ಲಿ ಎಸಿ ಇದೆ, ಸೆಕೆಯ ಗೊಡವೆಯಿಲ್ಲ. ಹಾಗಿದ್ದೂ ಜಗಲಿ ದಂಡವಾಗಿಲ್ಲ. ಜಗಲಿ ಬೀದಿಗೆ ಹತ್ತಿರವಿದ್ದರೆ ಕೂತವರು, ನಡೆದುಹೋಗುವವರು ದನಿ ಏರಿಸದೆ ಮಾತಾಡಬಹುದು. ಬೀದಿ ಅಗಲವಾಗಿ ಮನೆ ಹಿಂದೆ ಸರಿದರೆ ಕೈ ಬೀಸುವುದಷ್ಟೇ ಉಳಿಯುತ್ತದೆ. ಈ ಲೆಕ್ಕವನ್ನು ಹೊಸ ಬಡಾವಣೆ ಕಟ್ಟಿದವರು ಚೆನ್ನಾಗಿ ಕಲಿತಿದ್ದಾರೆ.

ಕಲಿಯದೆ ಬಿಟ್ಟದ್ದು ಹಳೆಯ ಊರಿನ ವಾಯವ್ಯ ಮೂಲೆಯಲ್ಲಿದೆ. ಯುದ್ಧದ ನಂತರ ಬಿಡುಗಡೆಯಾದ ಕಪ್ಪು ಕುಟುಂಬಗಳು ಅಲ್ಲಿ ಸಣ್ಣ ಸಣ್ಣ ಮರದ ಮನೆ ಕಟ್ಟಿಕೊಂಡವು. ಆ ಮನೆಗಳಿಗೂ ಜಗಲಿಯಿದೆ, ಅಲ್ಲಿಗೂ ನದಿಯ ಗಾಳಿ ಬರುತ್ತದೆ. ದೊಡ್ಡ ಮನೆಗಳ ಕಂಬ, ಮೆಟ್ಟಿಲುಗಳನ್ನು ನಕ್ಷೆಗಿಳಿಸುವುದು ಸುಲಭ. ಕೂಲಿಯ ಸಂಬಳದಲ್ಲೂ ಜಗಲಿಯೊಂದು ದಕ್ಕುವಂಥ ಬೀದಿಯನ್ನು ಈ ಕಾಲದಲ್ಲಿ ಕಟ್ಟುವುದು ಕಷ್ಟ. ಮುಂದಿನ ಬಡಾವಣೆಗೆ ಮಾದರಿ ಹುಡುಕುವವರು ಅಳತೆಪಟ್ಟಿ ಹಿಡಿದು ಹೋಗಬೇಕಾದದ್ದು ಆ ವಾಯವ್ಯ ಮೂಲೆಗೆ.