ಕತ್ತಲ ಕಡಲ ಮೇಲೆ ನೂರು ಸೆಕೆಂಡ್

ನಮ್ಮ ಮಾಮು ರಜೆ ಮುಗಿಸಿ ದುಬೈಗೆ ಹೊರಟ ದಿನ, ಅವರು ಇಳಿದು ಫೋನ್ ಮಾಡುವವರೆಗೆ ಅಮ್ಮಿ ತಸ್ಬೀಹ್ ಕೆಳಗಿಡುವುದಿಲ್ಲ. ಅಮ್ಮಿಗೆ ಬಾಂಬಿನ ಭಯ.

1978ರ ಜನವರಿ 1ರ ರಾತ್ರಿ ಬಾಂಬೆಯಿಂದ ದುಬೈಗೆ ಹೊರಟ ಏರ್ ಇಂಡಿಯಾದ ಬೋಯಿಂಗ್ 747 ‘ಎಂಪರರ್ ಅಶೋಕ’ ಎರಡು ನಿಮಿಷದೊಳಗೆ ಬಾಂದ್ರಾ ಬಳಿ ಅರಬ್ಬೀ ಸಮುದ್ರಕ್ಕೆ ಬಿತ್ತು. 213 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಆಗಲೂ ಮೊದಲು ವಿಧ್ವಂಸಕ ಕೃತ್ಯದ ಶಂಕೆಯೇ ಬಂತು. ಆದರೆ ಸಿಕ್ಕ ಅವಶೇಷಗಳಲ್ಲಿ ಸ್ಫೋಟದ ಗುರುತಿರಲಿಲ್ಲ.

ವಿಮಾನ ಯಾವ ಕಡೆ ವಾಲಿದೆ ಎಂದು ತೋರಿಸುವ ಉಪಕರಣ ಕ್ಯಾಪ್ಟನ್ ಮುಂದೆ ಒಂದು, ಸಹಪೈಲಟ್ ಮುಂದೆ ಒಂದು, ನಡುವೆ ಇನ್ನೊಂದು ಇರುತ್ತದೆ. ಬಲಕ್ಕೆ ತಿರುಗಿದ್ದ ವಿಮಾನ ಮತ್ತೆ ನೇರವಾದರೂ ಕ್ಯಾಪ್ಟನ್ ಮುಂದಿನದು ಬಲಕ್ಕೇ ವಾಲಿದಂತೆ ತೋರಿಸುತ್ತಿತ್ತು. ಅದನ್ನು ನಂಬಿ ಅವರು ಎಡಕ್ಕೆ ತಿರುಗಿಸುತ್ತಾ ಹೋದರು. ಅದನ್ನು ನಂಬಬೇಡಿ ಎಂದು ಫ್ಲೈಟ್ ಎಂಜಿನಿಯರ್ ಹೇಳಿದ್ದು ಧ್ವನಿಮುದ್ರಣದಲ್ಲಿದೆ. ಅಷ್ಟರಲ್ಲಿ ತಡವಾಗಿತ್ತು.

ವಾಲಿದ್ದು ಮೈಗೆ ಗೊತ್ತಾಗುವುದಿಲ್ಲವೇ? ನನಗೂ ಇದೇ ಪ್ರಶ್ನೆ ಬಂದಿತ್ತು. ಗೊತ್ತಾಗುವುದಿಲ್ಲ. ಸಮತೋಲನ ತಿಳಿಸುವ ಒಳಕಿವಿ ಹಾರಾಟದಲ್ಲಿ ಸುಲಭವಾಗಿ ಮೋಸಹೋಗುತ್ತದೆ. ಹಗಲಾದರೆ ಕ್ಷಿತಿಜ ಕಾಣುತ್ತದೆ. ಆ ರಾತ್ರಿ ಕಡಲೂ ಆಕಾಶವೂ ಒಂದೇ ಕಪ್ಪು.

ನಮ್ಮ ಅಕೌಂಟೆನ್ಸಿ ಕ್ಲಾಸಿನಲ್ಲಿ ಕ್ಯಾಶ್ ಬುಕ್ಕೂ ಪಾಸ್ ಬುಕ್ಕೂ ತಾಳೆಯಾಗದಿದ್ದರೆ ಕೂತು ತಪ್ಪು ಹುಡುಕುತ್ತೇವೆ, ಪೀರಿಯಡ್ ಪೂರ್ತಿ ಸಮಯವಿರುತ್ತದೆ. ಅವರಿಗಿದ್ದದ್ದು ಕೆಲವೇ ಸೆಕೆಂಡ್. ಹಾಗಾಗಿ ಕ್ಯಾಪ್ಟನ್‌ರನ್ನು ಬೈಯಲು ನನಗೆ ಮನಸ್ಸಾಗುವುದಿಲ್ಲ.

ಇದನ್ನೆಲ್ಲ ಅಮ್ಮಿಗೆ ವಿವರಿಸಿದೆ. ಸುಮ್ಮನೆ ಕೇಳಿ, “ಮಾಮು ಹೋಗುವ ವಿಮಾನದಲ್ಲಿ ಆ ಮೀಟರ್ ಸರಿ ಇದೆ ತಾನೆ?” ಎಂದರು.